4294967297: ನೂರರವರೆಗೆ ಭಾಗಿಸಿ ನಿಲ್ಲಿಸಬೇಡಿ

ಪ್ರಶ್ನೆ: 4294967297 ಅವಿಭಾಜ್ಯ ಸಂಖ್ಯೆ ಅಲ್ವಾ ಸರ್? ನೂರರೊಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದೆ. ಪ್ರತಿ ಸಲವೂ ಶೇಷ ಉಳಿಯಿತು.

ಉತ್ತರ: ಅಲ್ಲ. 641ನ್ನು 6700417ರಿಂದ ಗುಣಿಸಿ, ಇದೇ ಸಂಖ್ಯೆ ಬರುತ್ತದೆ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ತಪ್ಪೂ ಪ್ರತಿ ಸಲ ಅದೇ. ನೂರಕ್ಕೆ ಯಾಕೆ ನಿಲ್ಲಿಸಿದಿರಿ? ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಬೇಕಾದರೆ ಅದರ ವರ್ಗಮೂಲದವರೆಗೆ ಭಾಗಿಸಿ ನೋಡಬೇಕು; ಇದರ ವರ್ಗಮೂಲ 65536ಕ್ಕಿಂತ ಚೂರೇ ಚೂರು ಜಾಸ್ತಿ. ಅಷ್ಟರೊಳಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ನೀವು ನೋಡಿದ್ದು 25. ನಮಗೆ ಬೇಕಾದ 641 ಇರುವುದು 116ನೆಯ ಜಾಗದಲ್ಲಿ.

ಫ್ರೆಂಚ್ ಗಣಿತಜ್ಞ ಫರ್ಮಾ ಕೂಡ ಇಲ್ಲೇ ಎಡವಿದರು. 2ನ್ನು 1, 2, 4, 8, 16ನೆಯ ಘಾತಕ್ಕೆ ಏರಿಸಿ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ. ಹಾಗಾದರೆ ಮುಂದಿನವೂ ಅವಿಭಾಜ್ಯವೇ ಎಂದು ಅವರು 1640ರಲ್ಲಿ ನಂಬಿದ್ದರು. ಮುಂದಿನದು 32ನೆಯ ಘಾತ, ನಿಮ್ಮ ಸಂಖ್ಯೆ. ಅದನ್ನು 641 ಭಾಗಿಸುತ್ತದೆ ಎಂದು ಸ್ವಿಸ್ ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದರು.

ಸುಮ್ನೆ 116 ಭಾಗಾಕಾರ ಮಾಡುತ್ತಾ ಕೂರಬೇಡಿ. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಇದನ್ನು ಸಾಧಿಸಿದ್ದೂ ಆಯ್ಲರ್. ಅಂಥವು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು!

ಭಾಗಾಕಾರವೇ ಇಲ್ಲದ ದಾರಿಯೂ ಇದೆ, ನನಗೆ ಅದೇ ಇಷ್ಟ. 641 ಅಂದರೆ 5 × 128 + 1, ಇಲ್ಲಿ 128 ಎಂದರೆ 2ರ 7ನೆಯ ಘಾತ. ಹಾಗಾಗಿ 641ರಿಂದ ಭಾಗಿಸುವಾಗ 5 × 128ರ ಶೇಷ −1 ಎಂದು ಹಿಡಿಯಬಹುದು. ಎರಡನ್ನೂ ನಾಲ್ಕನೆಯ ಘಾತಕ್ಕೆ ಏರಿಸಿ: 625 ಗುಣಿಸು 2ರ 28ನೆಯ ಘಾತ, ಶೇಷ 1. ಆದರೆ 641 ಅಂದರೆ 625 + 16 ಕೂಡ ಹೌದು. ಅಂದರೆ 625ರ ಜಾಗದಲ್ಲಿ −16 ಇಡಬಹುದು. 16 ಎಂದರೆ 2ರ 4ನೆಯ ಘಾತ. ಈಗ 2ರ 32ನೆಯ ಘಾತದ ಶೇಷ −1 ಆಯಿತು. ಅದಕ್ಕೆ 1 ಕೂಡಿಸಿದರೆ ಸೊನ್ನೆ. ಪೆನ್ನು ಹಿಡಿದು ಒಮ್ಮೆ ನೀವೇ ಬರೆದು ನೋಡಿ. ಓದಿದರೆ ಸಾಲದು.

ಪ್ರಶ್ನೆ: ಅಂಕೆಗಳ ಮೊತ್ತ 59 ಅವಿಭಾಜ್ಯ. ಹಾಗಾದರೆ ಸಂಖ್ಯೆಯೂ ಅವಿಭಾಜ್ಯವೇ?

ಉತ್ತರ: 49ರ ಅಂಕೆಗಳ ಮೊತ್ತ 13. ಏಳೇಳು ನಲವತ್ತೊಂಬತ್ತು.

ಪ್ರಶ್ನೆ: ಮೊಬೈಲ್ ನಂಬರ್ ಅವಿಭಾಜ್ಯವಾಗಿದ್ದರೆ ಅದೃಷ್ಟ ಎಂದು ಸಂಖ್ಯಾಶಾಸ್ತ್ರದವರು ಹೇಳಿದರು. ದುಡ್ಡು ಕೊಟ್ಟು ಬದಲಾಯಿಸಲೇ?

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಅದು ಶಾಸ್ತ್ರವಲ್ಲ, ಮೋಸ.

ಪ್ರಶ್ನೆ: ಫರ್ಮಾ ಸಾಲಿನಲ್ಲಿ ಆರನೆಯ ಅವಿಭಾಜ್ಯ ಸಂಖ್ಯೆ ಸಿಕ್ಕಿದೆಯೇ?

ಉತ್ತರ: ಇಲ್ಲ, ಆ ಐದೇ. ಆದರೆ ಮುಂದೆಯೂ ಸಿಗುವುದಿಲ್ಲ ಎಂದು ಯಾರೂ ಸಾಧಿಸಿಲ್ಲ. ಹಾಗಾಗಿ ನಾನೂ ಹೇಳುವುದಿಲ್ಲ.