ಸಂಪಾದಕರ ಉತ್ತರ: ಹಳ್ಳ ಅದೇ ಇದೆ, ಜೊತೆಗೆ ದಾಟುವವರಿಲ್ಲ

ಮೇಷ್ಟ್ರೇ, ನಮಸ್ಕಾರ.

ಮಲೆನಾಡಿನ ಒಂಟಿ ಮನೆಗಳ ಮಕ್ಕಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ನಾಲ್ಕು ಪುಟದ ಪತ್ರ ಬರೆದಿದ್ದೀರಿ. ಜಾಗ ಸಾಲದೆ ಪೂರ್ತಿ ಹಾಕಲು ಆಗಲಿಲ್ಲ. ಓದುಗರಿಗಾಗಿ ಅದರ ಸಾರ ಇಷ್ಟು: ನೀವು ಸಣ್ಣ ಹುಡುಗನಾಗಿದ್ದಾಗ ನಿಮ್ಮ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಲಾರಿಯಲ್ಲಿ ಸಾಮಾನು ತುಂಬಿಕೊಂಡು ಬಂದು ಕಾಡಿನ ನಡುವೆ ಇಳಿದಿರಿ. ಬುಡ್ಡಿ ದೀಪದಲ್ಲಿ ಓದಿದಿರಿ. ಸಾಗರದಲ್ಲಿ ದಿನಕ್ಕೊಂದು ಮನೆಯಲ್ಲಿ ಉಂಡು, ವಾರಾನ್ನ ಮಾಡಿಕೊಂಡು ಹೈಸ್ಕೂಲು ಮುಗಿಸಿ ಗಣಿತದ ಮೇಷ್ಟ್ರಾದಿರಿ. "ಕಷ್ಟವೇ ನಮ್ಮನ್ನು ಬೆಳೆಸಿತು. ಈಗಿನವರಿಗೆ ಬಸ್ಸು, ಹಾಸ್ಟೆಲು, ಬಿಸಿಯೂಟ ಎಲ್ಲ ಇದೆ. ಅಯ್ಯೋ ಪಾಪ ಎಂದು ಬರೆದು ಅವರನ್ನು ಮೆತ್ತಗೆ ಮಾಡಬೇಡಿ" ಎನ್ನುತ್ತೀರಿ.

ನೀವು ಪಟ್ಟ ಪಾಡು ಸಣ್ಣದಲ್ಲ. 1964ರಲ್ಲಿ ಆ ಅಣೆಕಟ್ಟು ಮುಗಿಯಿತು, ಶರಾವತಿಯ ಕರೆಂಟು ನಾಡಿಗೆಲ್ಲ ಹೋಯಿತು. ಅದಕ್ಕಾಗಿ ಊರು ಬಿಟ್ಟವರಲ್ಲಿ ಅನೇಕರಿಗೆ ಜಮೀನಿನ ಹಕ್ಕುಪತ್ರದ ಅಲೆದಾಟ ಇವತ್ತಿಗೂ ತಪ್ಪಿಲ್ಲ. ಆದರೆ ಕಷ್ಟ ಬೆಳೆಸಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಉತ್ತರವಿದೆ.

ಎರಡನೇ ಪುಟದಲ್ಲಿ ನೀವು ಬರೆದಿದ್ದೀರಿ: ಹಳ್ಳ ತುಂಬಿದ ದಿನ ದೊಡ್ಡ ಹುಡುಗರು ಚಿಕ್ಕವರನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದರು. ಒಂದು ಕಂಬಳಿಕೊಪ್ಪೆಯೊಳಗೆ ಇಬ್ಬರು ನಡೆಯುತ್ತಿದ್ದಿರಿ. ಮೂರನೇ ಪುಟದಲ್ಲಿ ಸೋಮವಾರದ ಮನೆ, ಮಂಗಳವಾರದ ಮನೆ ಎಂದು ಒಂದೊಂದನ್ನೂ ನೆನೆದಿದ್ದೀರಿ. ಗುರುವಾರದ ಮನೆಯ ಅಮ್ಮ, ನೀವು ಊಟಕ್ಕೆ ಬರದಿದ್ದರೆ ಮಗನನ್ನು ಹುಡುಕಲು ಕಳಿಸುತ್ತಿದ್ದರಂತೆ. ಹುಡುಗ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬರು ಇದ್ದರು. ನಿಮ್ಮನ್ನು ಬೆಳೆಸಿದ್ದು ಅವರು ಮೇಷ್ಟ್ರೇ, ಹಸಿವಲ್ಲ.

ಇನ್ನೊಂದು ಮಾತು. ವಾರಾನ್ನ ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ. ನಿಮ್ಮ ಜೊತೆಗೇ ಲಾರಿ ಇಳಿದ ಗೇಣಿದಾರರ, ಕೂಲಿಯವರ ಮಕ್ಕಳಲ್ಲಿ ಎಷ್ಟು ಜನ ಹೈಸ್ಕೂಲು ಕಂಡರು? ಅವರಿಗೆ ಕಷ್ಟ ನಿಮಗಿಂತ ಜಾಸ್ತಿಯೇ ಇತ್ತು. ಅವರು ಇವತ್ತು ನಮಗೆ ಪತ್ರ ಬರೆಯುತ್ತಿಲ್ಲ, ಅಷ್ಟೆ.

ಈಗಿನ ಮಕ್ಕಳ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಊರು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇಲ್ಲ. ಒಂದು ತೋಟಕ್ಕೆ ಒಂದು ಮನೆ, ನಡುವೆ ಗುಡ್ಡ, ಹಳ್ಳ. ಮೊದಲು ಪ್ರತಿ ಮನೆಯಲ್ಲೂ ಮಕ್ಕಳಿದ್ದರು. ಈಗ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಮಾತ್ರ. ಕೆಲವಕ್ಕೆ ಬೀಗ. ಓದಿದವರು ಬೆಂಗಳೂರಿಗೆ ಹೋದರು. ಉಳಿದದ್ದು ಹೋಗಲು ದಾರಿಯಿಲ್ಲದವರ ಮಕ್ಕಳು. ಊರ ಶಾಲೆಯಲ್ಲಿ ಬೆರಳೆಣಿಕೆಯ ಮಕ್ಕಳಿದ್ದರೆ ಅದನ್ನು ಮುಚ್ಚುವ ಮಾತು ಬರುತ್ತದೆ. ಮುಚ್ಚಿದರೆ ಐದು ವರ್ಷದ ಮಗು ಮುಂದಿನ ಊರಿಗೆ ನಡೆಯಬೇಕು. ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ, ಕೆಳಗೆ ಕೆಂಪು ನೀರು. ದಾಟಿಸಲು ದೊಡ್ಡ ಹುಡುಗರು ಎಲ್ಲಿದ್ದಾರೆ?

ಊರಲ್ಲಿ ಶಾಲೆ ಉಳಿದರೂ ಅದು ಐದನೆಯದಕ್ಕೋ ಏಳನೆಯದಕ್ಕೋ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯಲ್ಲಿ, ಪಿಯುಸಿ ತಾಲ್ಲೂಕಿನಲ್ಲಿ. ಮಗು ದೊಡ್ಡದಾದಷ್ಟೂ ಶಾಲೆ ದೂರ ಸರಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ನೋಡಿಕೊಳ್ಳುವುದು 6ರಿಂದ 14 ವರ್ಷದವರೆಗೆ. ಮಕ್ಕಳು ಕೈತಪ್ಪುವುದು ಅದಾದ ಮೇಲೆಯೇ. ಅಪ್ಪ ಇಲ್ಲದ ಅಥವಾ ಕುಡಿತಕ್ಕೆ ಬಿದ್ದ ಮನೆಯ ಹುಡುಗ ಹದಿನೈದಕ್ಕೆ ಅಡಿಕೆ ಗೊನೆ ಕೊಯ್ಯುವ ತಂಡ ಸೇರುತ್ತಾನೆ. ಹುಡುಗಿ ಅಮ್ಮನ ಜೊತೆ ಅಡಿಕೆ ಸುಲಿಯಲು ಕೂರುತ್ತಾಳೆ, ಆಮೇಲೆ ಗಂಡು ಹುಡುಕುವ ಮಾತು. ಕೈಗೆ ಕೂಲಿ ಬರುವುದರಿಂದ ಇದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ.

ನೀವು ಮೊಬೈಲಿನ ಮೇಲೂ ಸಿಟ್ಟಾಗಿದ್ದೀರಿ. ಜಡಿಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಕೊರೊನಾ ವರ್ಷಗಳಲ್ಲಿ ಆನ್‌ಲೈನ್ ಪಾಠ ಕೇಳಲು ನಮ್ಮ ಮಕ್ಕಳು ಗುಡ್ಡ ಹತ್ತಿ, ಪ್ಲಾಸ್ಟಿಕ್ ಶೀಟ್ ಕಟ್ಟಿಕೊಂಡು ಕೂತಿದ್ದನ್ನು ನೀವೂ ನೋಡಿದ್ದೀರಿ. ಅವರನ್ನು ಮೆತ್ತಗಿನವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2025ರ ಜುಲೈ 14ರಂದು ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದ. ಅಣೆಕಟ್ಟು ಕಟ್ಟಿ 60 ವರ್ಷ ಕಳೆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವುದು ತಪ್ಪಿತು. ದೊಡ್ಡ ಕೆಲಸ, ಸಂತೋಷದ ಕೆಲಸ. ಆದರೆ ಆ ರಸ್ತೆಯಿಂದ ಒಳಗೆ, ತೋಟದ ಕೊನೆಯ ಮನೆಯವರೆಗೆ ಹೋಗಿ ವಿಚಾರಿಸುವ ಮನುಷ್ಯರು ಬೇಕಲ್ಲ.

ನೀವು ಲೆಕ್ಕದ ಮೇಷ್ಟ್ರು, ಒಂದು ಲೆಕ್ಕ ಕೊಡುತ್ತೇನೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ನಲವತ್ತು ವಯಸ್ಸಿನವರೆಗೂ ಗಮನಿಸಿದರು. ಬಡತನ, ಮನೆಯ ಜಗಳ, ಕುಡಿತ, ತಂದೆತಾಯಿಯ ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಕಂಡ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದರು. ಎರಡು ಪಾಲು ಹದಿನೆಂಟರೊಳಗೆ ಒಂದಲ್ಲ ಒಂದು ತೊಂದರೆಗೆ ಸಿಕ್ಕರು. ಕಷ್ಟವೇ ಬೆಳೆಸುವುದಾದರೆ ಲೆಕ್ಕ ಉಲ್ಟಾ ಇರಬೇಕಿತ್ತು, ಅಲ್ವಾ? ಚೆನ್ನಾಗಿ ಬೆಳೆದವರ ಹಿಂದೆ ಅಜ್ಜಿಯೋ, ಅತ್ತೆಯೋ, ಟೀಚರೋ, ನೆರೆಯವರೋ ಗಟ್ಟಿಯಾಗಿ ನಿಂತದ್ದು ಕಂಡುಬಂತು. ಹದಿಹರೆಯದಲ್ಲಿ ಎಡವಿದವರಲ್ಲೂ ಅನೇಕರು ಮತ್ತೆ ಓದಲು, ಕೆಲಸ ಕಲಿಯಲು ಅವಕಾಶ ಸಿಕ್ಕಾಗ ಮೂವತ್ತು, ನಲವತ್ತರ ಹೊತ್ತಿಗೆ ಚೇತರಿಸಿಕೊಂಡರು. ಈ ಎರಡನೇ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹದಿನಾರಕ್ಕೆ ಯಾರ ಕಥೆಯೂ ಮುಗಿಯುವುದಿಲ್ಲ.

ಪತ್ರದ ಕೊನೆಯಲ್ಲಿ ಪಕ್ಕದ ಮನೆಯ ಹುಡುಗನ ಬಗ್ಗೆ ಬರೆದಿದ್ದೀರಿ. ಅಪ್ಪ ತೀರಿಕೊಂಡ ವರ್ಷವೇ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಈಗ ಕೆಲಸಕ್ಕೂ ಹೋಗುವುದಿಲ್ಲ, ಯಾರ ಹತ್ತಿರವೂ ಮಾತಿಲ್ಲ, ರಾತ್ರಿಯೆಲ್ಲ ಎದ್ದಿರುತ್ತಾನೆ, "ಶುದ್ಧ ಸೋಮಾರಿ" ಎಂದಿದ್ದೀರಿ. ಮಾತು ಬಿಡುವುದು, ನಿದ್ದೆ ಕೆಡುವುದು, ಊಟ ಸೇರದಿರುವುದು ಸೋಮಾರಿತನ ಆಗಿರಬೇಕಿಲ್ಲ. ದುಃಖ ಒಳಗೇ ಉಳಿದವರೂ ಹೀಗೆಯೇ ಇರುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅವನು ಮಾಡದಿದ್ದರೆ ಅವನ ಅಮ್ಮ ಮಾಡಿ ಕೇಳಬಹುದು, ನೀವೂ ಕೇಳಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಅವನಿಗೆ ಹದಿನೆಂಟು ತುಂಬಿಲ್ಲ ಎಂದಾದರೆ ಇನ್ನೊಂದು ದಾರಿ ಇದೆ. ಅಪ್ಪನಿಲ್ಲದ ಬಡ ಮನೆಯ ಮಕ್ಕಳ ಓದಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಅರ್ಜಿ ಹೋಗಬೇಕಾದ್ದು ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದಾಯದ ಪ್ರಮಾಣಪತ್ರ, ಮರಣ ಪ್ರಮಾಣಪತ್ರ ಹೊಂದಿಸಲು ಆ ತಾಯಿ ಕೂಲಿ ಬಿಟ್ಟು ಓಡಾಡಬೇಕಾಗುತ್ತದೆ. ನಿಮಗೆ ನಾಡಕಚೇರಿ ಹೊಸದಲ್ಲ, ಒಂದು ದಿನ ಅವರ ಜೊತೆ ಹೋಗಿ ಬನ್ನಿ.

ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಅವನಿಗೆ ಉಳಿದಿರುವುದು ಒಂದೇ ವಿಷಯ, ಅದೂ ನೀವು ಜೀವಮಾನವಿಡೀ ಕಲಿಸಿದ ವಿಷಯ. ಮೊದಲ ವಾರ ಪುಸ್ತಕ ತೆಗೆಯಬೇಡಿ, ಸುಮ್ನೆ ಕಾಫಿಗೆ ಕರೆಯಿರಿ. ಬರದಿದ್ದರೆ ಮರುದಿನ ಮತ್ತೆ ಕರೆಯಿರಿ. ಪರೀಕ್ಷೆಯ ಫೀಸು, ಹಳೆಯ ಪ್ರಶ್ನೆಪತ್ರಿಕೆ ಏನು ಬೇಕಿದ್ದರೂ ನಮಗೆ ಬರೆಯಿರಿ, ಪತ್ರಿಕೆಯಿಂದ ಕಳಿಸುತ್ತೇವೆ.