ಗಲಾಥಿಯಾದ ಕಡಲಾಮೆಗಳು: ವಾಸ್ಕೋದ ಓದುಗರಿಗೆ ಉತ್ತರ

ಅಂಡಮಾನ್ ನಿಕೋಬಾರ್ ದ್ವೀಪಸಮೂಹದ ಗ್ರೇಟ್ ನಿಕೋಬಾರ್‌ನ ಗಲಾಥಿಯಾ ಕೊಲ್ಲಿಯಲ್ಲಿ ಬಂದರು ಕಟ್ಟುವುದಾದರೆ, ನಮ್ಮ ಗೋವಾದ ಅಗೋಂದದಲ್ಲಿ ಮಾಡುವಂತೆ ಕಡಲಾಮೆಯ ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಮರಿ ಮಾಡಿಸಬಾರದೇ ಎಂದು ಕೇಳಿದ್ದೀರಿ. ಮಕ್ಕಳನ್ನು ಅಗೋಂದಕ್ಕೆ ಕರೆದೊಯ್ಯಬಹುದೇ ಎಂದೂ ಕೇಳಿದ್ದೀರಿ.

ಮೊಟ್ಟೆ ಸಾಗಿಸುವ ಕೆಲಸ ನಾಜೂಕಿನದು. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಮೇಲ್ಭಾಗದ ಒಳಪೊರೆಗೆ ಅಂಟತೊಡಗುತ್ತದೆ. ಆಮೇಲೆ ಮೊಟ್ಟೆ ಹೊರಳಿದರೆ ಪೊರೆ ಹರಿದು ಭ್ರೂಣ ಸಾಯುತ್ತದೆ. ಕಾವಿಗಿಟ್ಟ ಕೋಳಿಮೊಟ್ಟೆಯನ್ನು ಆಗಾಗ ತಿರುಗಿಸಬೇಕು, ಇದನ್ನು ತಿರುಗಿಸಲೇಬಾರದು. ಹಾಗಾಗಿ ಅದೇ ರಾತ್ರಿ, ಕುಲುಕದೆ ಒಯ್ಯಬೇಕು. ಹೊಸ ಗುಂಡಿಯೂ ತಾಯಿ ತೋಡಿದಂತೆಯೇ ಬಾಯಿ ಕಿರಿದಾಗಿ, ತಳ ಅಗಲವಾಗಿರಬೇಕು. ಗೋವಾಕ್ಕೆ ಬರುವ ಆಲಿವ್ ರಿಡ್ಲಿ ಎಂಬ ಸಣ್ಣ ಜಾತಿಯ ಆಮೆಗೆ ಸುಮಾರು 45 ಸೆಂ.ಮೀ. ಆಳ ಸಾಕು, ಗಲಾಥಿಯಾಕ್ಕೆ ಬರುವ ಲೆದರ್‌ಬ್ಯಾಕ್ ಎಂಬ ದೊಡ್ಡ ಜಾತಿಯ ಆಮೆಗೆ 75 ಸೆಂ.ಮೀ.ಯಷ್ಟು ಬೇಕು. ಗುಂಡಿಗಳು ಒತ್ತೊತ್ತಾಗಿದ್ದರೆ ಮರಳು ಬಿಸಿಯೇರುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಬಿಸಿಯೇ ನಿರ್ಧರಿಸುತ್ತದೆ: 30 ಡಿಗ್ರಿ ದಾಟಿದರೆ ಹೆಣ್ಣುಗಳೇ ಹೆಚ್ಚು.

ನಾಯಿ, ಹಂದಿ, ಅಲೆ, ಕಳ್ಳರ ಕಾಟಕ್ಕೆ ಬೇಲಿ ಸರಿ. ಆದರೆ ಬಂದರಿನ ಪೆಟ್ಟು ಬೀಳುವುದು ತಾಯಿಯ ಮೇಲೆ. ಲೆದರ್‌ಬ್ಯಾಕ್ ಮುನ್ನೂರು ಕಿಲೋ ಮೀರಿ ತೂಗುತ್ತದೆ, ಅದಕ್ಕೆ ಗಟ್ಟಿ ಚಿಪ್ಪಿಲ್ಲ. ಬಂಡೆಯಿಲ್ಲದ, ಆಳದ ನೀರಿನಿಂದ ನೇರ ಹತ್ತಿಬರಬಹುದಾದ ಮರಳದಂಡೆಯೇ ಬೇಕು. ಒಂದೇ ಋತುವಿನಲ್ಲಿ, ಹತ್ತು ದಿನಕ್ಕೊಮ್ಮೆ ಎಂಬಂತೆ ಹಲವು ಸಲ ಬರುತ್ತದೆ. ದೀಪಗಳ ಬೆಳಕು ಬಿದ್ದ ದಂಡೆಗೆ ಹತ್ತಲು ಹಿಂಜರಿಯುತ್ತದೆ. ತಾಯಿಯೇ ದಂಡೆಗೆ ಬರದಿದ್ದರೆ ಸಾಗಿಸಲು ಮೊಟ್ಟೆ ಎಲ್ಲಿಂದ?

ಈ ಆಮೆಗಳು 2004ರ ಸುನಾಮಿಯನ್ನೇ ತಾಳಿಕೊಂಡವು, ಬಂದರನ್ನೂ ತಾಳಿಕೊಳ್ಳುತ್ತವೆ ಎನ್ನುವವರಿದ್ದಾರೆ. ಆಗ ದ್ವೀಪದ ದಕ್ಷಿಣ ತುದಿ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದಂಡೆ ಮುಳುಗಿದ್ದು ನಿಜ. ಅಲೆಗಳು ಮತ್ತೆ ಮರಳು ತಂದು ಪೇರಿಸಿದವು, ಆಮೆಗಳೂ ಮರಳಿದವು. ಮರಳಿನ ಆ ಓಡಾಟಕ್ಕೆ ಅಡ್ಡವಾಗಿ ಏನೂ ಇರಲಿಲ್ಲ. ಬಂದರಿನ ತಡೆಗೋಡೆ ಅದನ್ನೇ ತಡೆಯುತ್ತದೆ: ಒಂದು ಬದಿ ಮರಳು ತುಂಬಿ, ಇನ್ನೊಂದು ಬದಿ ದಂಡೆ ಕೊರೆಯುತ್ತ ಹೋಗುತ್ತದೆ. 2021ರಲ್ಲಿ ಗಲಾಥಿಯಾದ ಅಭಯಾರಣ್ಯದ ಮಾನ್ಯತೆ ರದ್ದಾದದ್ದು, 2022ರಲ್ಲಿ ಯೋಜನೆಗೆ ಪರಿಸರ ಅನುಮತಿ ಸಿಕ್ಕಿದ್ದು ನಮಗೆ ತೀರಾ ನೋವಿನ ಸಂಗತಿ.

ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಿರಿ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೊದಲು ಅರಣ್ಯ ಇಲಾಖೆಯ ಕಾವಲುಗಾರರನ್ನು ಕೇಳಿ. ಟಾರ್ಚ್, ಫ್ಲ್ಯಾಶ್ ಬೇಡ. ಆಮೆ ಮೇಲೆ ಬರುತ್ತಿದ್ದರೆ ಅಲುಗಾಡದೆ ಕುಳಿತುಬಿಡಿ, ಅದರ ಮುಂದೆ ಹೋಗಬೇಡಿ. ಮರಿಗಳನ್ನು ಎತ್ತಿ ನೀರಿಗೆ ಬಿಡುವುದೂ ಬೇಡ, ಅವು ತಾವಾಗಿ ನಡೆದೇ ಹೋಗಲಿ.

— ಸಂಪಾದಕ