ವಿಮಾನ ಯಾಕೆ ಬೇಕಿತ್ತು?

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಸಾಲಾಗಿ ಬರೆದು ಕೊಡುವುದು) ಶುರುವಾಯಿತೆಂದರೆ, ಕೋರ್ಸ್ ಆಯ್ಕೆಗೆ ಸಲಹೆ ಕೇಳಿ ನನ್ನ ಬಳಿ ಬರುವ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆ ಒಂದೇ. 'ಮೇಡಂ, ಯಾವ ಬ್ರಾಂಚಿಗೆ ಸ್ಕೋಪ್ ಇದೆ?' ಇದಕ್ಕೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಈಗ ಸೇರಿದ ಮಗು ಕೆಲಸ ಹುಡುಕುವುದು ನಾಲ್ಕು ವರ್ಷ ಕಳೆದ ಮೇಲೆ. ಆಗ ಯಾವುದು ಓಡುತ್ತದೆ, ಯಾವುದು ಬೀಳುತ್ತದೆ ಎಂದು ಹೇಳಲು ನಾನು ಜ್ಯೋತಿಷಿ ಅಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ ಥರದ ಮಕ್ಕಳು. ಬಾಯಲ್ಲಿ ಒಂದು ಕೋರ್ಸಿನ ಹೆಸರು ಹೇಳುತ್ತಾರೆ, ಮನಸ್ಸಿನಲ್ಲಿ ಇನ್ನೇನೋ ಇರುತ್ತದೆ. ಇಂಥ ಪ್ರಕರಣ ವರ್ಷಕ್ಕೆ ಒಂದಾದರೂ ಬರುತ್ತದೆ. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ.

ಹುಡುಗಿಯನ್ನು ಸಹನಾ ಎಂದು ಕರೆಯೋಣ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ, ಪಿಸಿಎಂಬಿ, ಒಳ್ಳೆಯ ಅಂಕ, ನಡುವಿನ ರ‍್ಯಾಂಕ್. ಅಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಲೆಕ್ಕ ಸರಳವಾಗಿತ್ತು. ಊರಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಬರಬಹುದು, ಕಂಪ್ಯೂಟರ್ ಸೈನ್ಸ್ ಇಲ್ಲವೇ ಎಲೆಕ್ಟ್ರಾನಿಕ್ಸ್ ಸಿಕ್ಕೇ ಸಿಗುತ್ತದೆ. ಮಗಳು ಮಾತ್ರ 'ಏರೋನಾಟಿಕಲ್ ಬಿಟ್ಟು ಬೇರೆ ಬೇಡ' ಎಂದು ಹಟ ಹಿಡಿದಿದ್ದಳು. 'ಹುಚ್ಚು ಬಿಡಿಸಿ ಮೇಡಂ' ಎಂದೇ ಕರೆದುಕೊಂಡು ಬಂದಿದ್ದರು.

ಮೊದಲ ಸಲ ಪೂರ್ತಿ ಅಪ್ಪನೇ ಮಾತಾಡಿದರು. ಎರಡನೇ ಸಲ ಅವರನ್ನು ಹೊರಗೆ ಕೂರಿಸಿ, 'ನಿನ್ನ ಆಪ್ಷನ್ ಪಟ್ಟಿ ತೋರಿಸು' ಎಂದು ಸಹನಾಗೆ ಹೇಳಿದೆ. ನೋಟ್‌ಬುಕ್ಕಿನಲ್ಲಿ ನೀಟಾಗಿ ಗೆರೆ ಹಾಕಿ ಬರೆದಿದ್ದಳು. ಮೇಲೆ ಏರೋನಾಟಿಕಲ್ ಇತ್ತು, ಆದರೆ ಅದೊಂದೇ ಅಲ್ಲ. ಅದರ ಕೆಳಗೆ ಬಯೋಟೆಕ್ನಾಲಜಿ, ಅದರ ಕೆಳಗೆ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಇನ್ನೂ ಕೆಳಗೆ ಸಿಲ್ಕ್ ಟೆಕ್ನಾಲಜಿ.

ವಿಮಾನ, ಜೀವಕೋಶ, ಇಸಿಜಿ ಯಂತ್ರ, ರೇಷ್ಮೆ. ಇವುಗಳಲ್ಲಿ ಒಂದಕ್ಕೊಂದು ಏನು ಸಂಬಂಧ? 'ಕೆಮಿಸ್ಟ್ರಿ ಇಷ್ಟಾನಾ?' ಎಂದು ಕೇಳಿದೆ. ಮುಖ ಕಿವುಚಿದಳು. ರೇಷ್ಮೆ ಗೂಡು ಕೈಯಲ್ಲಿ ಹಿಡಿದಿದ್ದೀಯಾ ಎಂದರೆ ಅದೂ ಇಲ್ಲ. ಆಮೇಲೆ ಬ್ರಾಂಚ್ ಬಿಟ್ಟು ಕಾಲೇಜಿನ ಸಾಲು ನೋಡಿದೆ. ಎಲ್ಲವೂ ಬೆಂಗಳೂರು, ಮೈಸೂರು. ಆ ನಾಲ್ಕು ಬ್ರಾಂಚ್‌ಗಳಲ್ಲಿ ಒಂದೂ ಅವಳ ಊರಿನಲ್ಲಿ ಇರಲಿಲ್ಲ.

'ಸಹನಾ, ಏರೋನಾಟಿಕಲ್ ನಿಮ್ಮೂರಲ್ಲೇ ಇದ್ದಿದ್ದರೆ?'

ಸ್ವಲ್ಪ ಹೊತ್ತು ನೋಟ್‌ಬುಕ್ಕಿನ ಅಂಚು ಮಡಚಿದಳು. ಆಮೇಲೆ, 'ಇದ್ದಿದ್ರೆ ಬರೀತಿರಲಿಲ್ಲ ಮೇಡಂ' ಎಂದಳು.

ಆಮೇಲೆ ಮಾತು ತಾನೇ ಹೊರಗೆ ಬಂತು. ಅವಳಿಗೆ ಬೇಕಿದ್ದದ್ದು ಹಾಸ್ಟೆಲ್. ಅಪ್ಪ ಕೆಟ್ಟವರಲ್ಲ, ಮನೆಯಲ್ಲಿ ಹೊಡೆತ ಬಡಿತ ಇಲ್ಲ. ಆದರೆ ಅಪ್ಪ ಪಾಠ ಹೇಳಿದ ಮಕ್ಕಳೇ ಊರ ತುಂಬ. ಬೇಕರಿಯಲ್ಲಿ ನಿಂತರೂ ಸಂಜೆಯೊಳಗೆ ಮನೆಗೆ ಸುದ್ದಿ. ಓದು ಮುಗಿಸಿ, ಸ್ವಂತ ಸಂಬಳದಲ್ಲಿ, ಯಾರೂ 'ಮೇಷ್ಟ್ರ ಮಗಳು' ಎನ್ನದ ಕಡೆ ಬದುಕಬೇಕು ಅನ್ನುವುದು ಅವಳ ಆಸೆ. 'ಹಾಗಂದ್ರೆ ಒಪ್ಪಲ್ಲ. ಕೋರ್ಸ್ ಇಲ್ಲಿಲ್ಲ ಅಂದ್ರೆ ಒಪ್ಪಬೇಕಾಗತ್ತೆ ಅಲ್ವಾ?'

ಊರು ಬಿಡುವ ಆಸೆ ತಪ್ಪಲ್ಲ. ಹದಿನೆಂಟರ ಮಗುವಿಗೆ ಅದು ಇಲ್ಲದಿದ್ದರೆ ನನಗೆ ಚಿಂತೆ. ಆದರೆ ಊರು ಬಿಡಲು ಬಸ್ ಸಾಕು. ಅದಕ್ಕಾಗಿ ನಾಲ್ಕು ವರ್ಷದ ಪದವಿಯನ್ನು ನೆಪ ಮಾಡಿಕೊಂಡರೆ, ಮೊದಲ ಸೆಮಿಸ್ಟರಿನ ಸಂಭ್ರಮ ಇಳಿದ ಮೇಲೆ ಆ ವಿಷಯದ ಜೊತೆ ಕೂತು ಓದಬೇಕಾದವಳು ಅವಳೇ. ಎರಡನೇ ವರ್ಷಕ್ಕೆ ಬ್ರಾಂಚ್ ಬದಲಿಸುವ ದಾರಿ ಇದೆ, ನಿಜ. ಸೀಟು ಖಾಲಿ ಇರಬೇಕು, ಅಂಕವೂ ಇರಬೇಕು. ಅದನ್ನು ನಂಬಿ ಯಾರೂ ಸೇರಬೇಡಿ. ಪಟ್ಟಿಯ ಕೊನೆಯಲ್ಲಿ 'ಇರಲಿ' ಎಂದು ಬರೆದದ್ದೂ ಸುಮ್ಮನಿರುವುದಿಲ್ಲ. ಮೇಲಿನವು ಸಿಗದೆ ಅದಕ್ಕೆ ರ‍್ಯಾಂಕ್ ಸಾಕಾದರೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಆ ಸೀಟನ್ನೇ ಕೊಡುತ್ತದೆ. ನಿಜವಾದ ಹಂಚಿಕೆಗೆ ಮೊದಲು ಯಾವ ಸೀಟು ಸಿಗಬಹುದೆಂದು ತೋರಿಸುವ ಅಣಕು ಹಂಚಿಕೆಯ ನಂತರ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ದಿನಗಳನ್ನು ಜಗಳದಲ್ಲೇ ಕಳೆಯುತ್ತಾರೆ.

ಅವಳಿಗೆ ಎರಡು ಹಾಳೆ ಕೊಟ್ಟೆ. ಒಂದರಲ್ಲಿ ಎಲ್ಲಿ ಇರಬೇಕು, ಇನ್ನೊಂದರಲ್ಲಿ ಏನು ಓದಬೇಕು. ಎರಡನೇ ಹಾಳೆ ಬಹಳ ಹೊತ್ತು ಖಾಲಿ ಇತ್ತು. ಯಾವ ಅಧ್ಯಾಯದ ಲೆಕ್ಕವನ್ನು ಯಾರೂ ಹೇಳದೆ ಮಾಡಿದ್ದೆ ಎಂದು ಕೇಳಿದ ಮೇಲೆ 'ಪ್ರಾಬಬಿಲಿಟಿ' ಎಂದು ಬರೆದಳು. ಪ್ರಾಬಬಿಲಿಟಿಯೇ ಸ್ಟ್ಯಾಟಿಸ್ಟಿಕ್ಸಿನ ಬುನಾದಿ, ಅಲ್ಲಿಂದ ಬಿ.ಎಸ್ಸಿ.ಗೆ ಬಂದೆವು. ಸ್ಟ್ಯಾಟಿಸ್ಟಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್. ಮೈಸೂರಿನ ಯುವರಾಜ, ಮಹಾರಾಣಿ ವಿಜ್ಞಾನ ಕಾಲೇಜಿನಂಥ ಕಡೆ ಸ್ಟ್ಯಾಟಿಸ್ಟಿಕ್ಸ್ ಇದೆ. 2024-25ರಿಂದ ರಾಜ್ಯದಲ್ಲಿ ಬಿ.ಎಸ್ಸಿ.ಯಂಥ ಪದವಿ ಮತ್ತೆ ಮೂರು ವರ್ಷದ್ದಾಗಿದೆ.

'ಎಂಜಿನಿಯರಿಂಗ್ ಸಿಗುವ ಮಗುವನ್ನು ಬಿ.ಎಸ್ಸಿ.ಗೆ ತಳ್ಳಿದಿರಾ?' ಎಂದು ನನ್ನ ಜೊತೆಗಾರರೇ ಕೇಳಿದರು. ತಳ್ಳಲಿಲ್ಲ, ಪಟ್ಟಿಗೆ ಸೇರಿಸಿದೆ. ಗುರಿಯ ಕಡೆಯಿಂದ ಹಿಂದಕ್ಕೆ ನೋಡುತ್ತಾ ಬನ್ನಿ ಎನ್ನುವುದು ನನ್ನ ಹಟ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ ಬರೆಯಲು ಪದವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲೇ ಸ್ನಾತಕೋತ್ತರ ಪದವಿ ಇರಬೇಕು. ಬರೀ ಎಂಜಿನಿಯರಿಂಗ್ ಪದವಿ ಹಿಡಿದು ಹೋದರೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಕೆಎಎಸ್‌ಗಾದರೆ ಯಾವ ಪದವಿಯೂ ನಡೆಯುತ್ತದೆ. ಗಣಿತ ಇಟ್ಟುಕೊಂಡು ಬಿ.ಎಸ್ಸಿ. ಮುಗಿಸಿದವರು ಪಿಜಿಸಿಇಟಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದು ಎಂಸಿಎ ಸೇರಬಹುದು. ಇಂಥದ್ದನ್ನು ಸೇರುವ ಮೊದಲೇ ತಿಳಿಯಬೇಕು.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಲಿಲ್ಲ. ಕ್ಯಾಂಪಸ್‌ಗೆ ಕಂಪನಿಗಳು ಬರುವುದು ಎಂಜಿನಿಯರಿಂಗ್ ಕಾಲೇಜಿಗೇ ಜಾಸ್ತಿ. ಬರೀ ಬಿ.ಎಸ್ಸಿ.ಗೆ ನಿಲ್ಲಿಸಿದರೆ ಸಂಬಳ ಕಡಿಮೆ, ಎಂ.ಎಸ್ಸಿ. ಸೇರಿಸಿದರೆ ಐದು ವರ್ಷ. ಸ್ವಂತ ದುಡಿಮೆ ಬೇಗ ಬೇಕು ಅನ್ನುವವಳಿಗೆ ಇದು ಸಣ್ಣ ಮಾತಲ್ಲ.

ಕೊನೆಗೆ, 'ಅಪ್ಪನಿಗೆ ಹೇಳಬೇಕಾದವಳು ನೀನೇ, ನಾನು ಪಕ್ಕದಲ್ಲಿ ಕೂತಿರ್ತೀನಿ' ಎಂದೆ. ಮೇಷ್ಟ್ರು ಒಳಗೆ ಬಂದು ಎಲ್ಲ ಕೇಳಿಸಿಕೊಂಡರು. ಸಿಟ್ಟು ಬಂತು, ಆದರೆ ನಾವು ಅಂದುಕೊಂಡದ್ದಕ್ಕಲ್ಲ. 'ಹಾಸ್ಟೆಲ್ ಅಂದಿದ್ರೆ ಆಗ್ಲೇ ಮಾತಾಡಬಹುದಿತ್ತಲ್ಲಮ್ಮ! ವಿಮಾನ ಯಾಕೆ ಬೇಕಿತ್ತು?'

ಅಷ್ಟಕ್ಕೇ ಒಪ್ಪಿದರು ಎಂದಲ್ಲ. ಬೆಂಗಳೂರು ಬೇಡವೇ ಬೇಡ, ಮೈಸೂರಾದರೆ ಅತ್ತೆ ಮನೆಯಲ್ಲಿ ಇರು ಎಂದರು. ಅತ್ತೆ ಮನೆಗಿಂತ ನಮ್ಮೂರೇ ವಾಸಿ ಎಂದಳು ಇವಳು. ಆ ಚೌಕಾಸಿಯಲ್ಲಿ ನಾನು ಬಾಯಿ ಹಾಕಲಿಲ್ಲ. ಒಂದು ಎಚ್ಚರಿಕೆ ಮಾತ್ರ ಕೊಟ್ಟೆ. ಸಿಇಟಿ ಸುತ್ತುಗಳು ತಿಂಗಳುಗಟ್ಟಲೆ ಎಳೆಯುತ್ತವೆ, ಡಿಗ್ರಿ ಪ್ರವೇಶ ಅಷ್ಟು ದಿನ ಕಾಯುವುದಿಲ್ಲ, ಹಾಸ್ಟೆಲ್ ಅರ್ಜಿಗೂ ಕೊನೆಯ ದಿನ ಇರುತ್ತದೆ. ಈ ಎಲ್ಲ ದಿನಾಂಕಗಳನ್ನೂ ಗೋಡೆಗೆ ಅಂಟಿಸಿಕೊಳ್ಳಿ ಎಂದೆ.

ಅವಳು ಮೈಸೂರಿನಲ್ಲಿ ಬಿ.ಎಸ್ಸಿ. ಸೇರಿದಳು, ಹಾಸ್ಟೆಲ್‌ನಲ್ಲೇ. ಭಾನುವಾರದ ಊಟ ಅತ್ತೆ ಮನೆಯಲ್ಲಿ ಎಂದು ರಾಜಿಯಾಯಿತಂತೆ. ಸ್ಟ್ಯಾಟಿಸ್ಟಿಕ್ಸ್ ಚೆನ್ನಾಗಿ ನಡೆಯುತ್ತಿದೆ. ಕಂಪ್ಯೂಟರ್ ಸೈನ್ಸಿನ ಒಂದು ಪೇಪರ್ ಉಳಿದಿದೆ, ಪ್ರೋಗ್ರಾಮಿಂಗ್ ತಲೆಗೆ ಹತ್ತುತ್ತಿಲ್ಲ ಎಂದು ಮೊನ್ನೆ ಫೋನ್ ಮಾಡಿದ್ದಳು. ಈ ಸಲ ನನ್ನ ಬಳಿ ಅಲ್ಲ, ಸೀನಿಯರ್ ಹುಡುಗಿಯರ ಬಳಿ ಹೋಗು ಎಂದಿದ್ದೇನೆ.